ಗಡಿಸೀಮೆಯ ಬೆಳ್ಳಿ, ಪೀಣ್ಯದ ಸುತ್ತಿಗೆ

ಪೀಣ್ಯದಲ್ಲಿ ನನ್ನದೊಂದು ಶೆಡ್ ಇದೆ. ತಗಡನ್ನು ಕತ್ತರಿಸಲು, ಬಗ್ಗಿಸಲು, ತೂತು ಹೊಡೆಯಲು ಬೇಕಾಗುವ ಉಕ್ಕಿನ ಅಚ್ಚುಗಳು ಅಲ್ಲಿ ತಯಾರಾಗುತ್ತವೆ. ಸ್ವಿಚ್ಚಿನ ಒಳಗಿನ ಹಿತ್ತಾಳೆ ಪಟ್ಟಿ, ಮಿಕ್ಸಿಯ ತಳದ ತಗಡು, ಸ್ಕೂಟರಿನ ಯಾವುದೋ ಮೂಲೆಯ ಕ್ಲಿಪ್ಪು. ಇವೆಲ್ಲ ಎಲ್ಲರ ಮನೆಯಲ್ಲೂ ಇರುತ್ತವೆ, ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಹುಟ್ಟಿದ್ದು ಮಾಕಳಿಯಲ್ಲಿ, ಊರಿನ ಸುತ್ತ ಒಂದೊಂದೇ ಕಾರ್ಖಾನೆ ಏಳುವುದನ್ನು ನೋಡುತ್ತ ಬೆಳೆದವಳು. ಅಚ್ಚು ಮಾಡುವ ಡಿಪ್ಲೊಮಾ ಓದುವಾಗ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಆಮೇಲೆ ದೊಡ್ಡ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಡಿಸೈನರ್ ಆಗಿದ್ದೆ. ಅದು ಬೇರೆ ರಾಜ್ಯಕ್ಕೆ ಹೊರಟಾಗ ನಾನು ಹೊರಡಲಿಲ್ಲ. ಅವರು ಬಿಟ್ಟುಹೋದ ಒಂದು ಮಿಲ್ಲಿಂಗ್ ಮೆಷಿನ್ನನ್ನೂ ಕೈಯಲ್ಲಿ ತಿರುಗಿಸುವ ಹಳೆಯ ಪ್ರೆಸ್ಸನ್ನೂ ಕೊಂಡು ಈ ಶೆಡ್ ಹಾಕಿದೆ.

ಒಂದು ಬೇಸಿಗೆಯಲ್ಲಿ, ಕೆಲಸ ತೀರ ಕಡಿಮೆ ಇದ್ದ ದಿನಗಳಲ್ಲಿ, ಕತ್ತಿಗೆ ಐಡಿ ಕಾರ್ಡು ತೂಗಿಸಿಕೊಂಡ ಒಬ್ಬ ಮಹಿಳೆ ಶೆಡ್ಡಿನ ಬಾಗಿಲಲ್ಲಿ ನಿಂತರು. ಮೆಟ್ರೋ ಇಳಿದು ಲಾರಿಗಳ ನಡುವೆ ನಡೆದು ಬಂದಿದ್ದರಿಂದ ಮುಖವೆಲ್ಲ ಬೆವರು. ವೈಟ್‌ಫೀಲ್ಡ್ ಕಡೆಯ ಕಾಲೇಜೊಂದರಲ್ಲಿ ಇತಿಹಾಸದ ಮೇಡಂ ಎಂದು ಪರಿಚಯ ಹೇಳಿಕೊಂಡರು.

"ನಂಗೊಂದು ನಾಣ್ಯದ ಡೈ, ಅಂದ್ರೆ ಅಚ್ಚು, ಬೇಕಿತ್ತು."

"ನಾಣ್ಯದ ಕೆಲಸ ನಾವು ಮಾಡಲ್ಲ ಮೇಡಂ," ಎಂದೆ. "ಅದು ಸರ್ಕಾರದ್ದು. ನಾಳೆ ಪೊಲೀಸ್ ಬಂದ್ರೆ ಯಾರು ಉತ್ತರ ಹೇಳ್ತಾರೆ?"

ಅವರು ಜೋರಾಗಿ ನಕ್ಕರು. "ಈ ಸರ್ಕಾರ ಮುಳುಗಿ ಐನೂರು ವರ್ಷ ಆಗ್ತಾ ಬಂತು. ಯಾರೂ ಬರಲ್ಲ ಬಿಡಿ."

ಫೋನಿನಲ್ಲಿ ತೋರಿಸಿದ ಚಿತ್ರದಲ್ಲಿ ಬೆಳ್ಳಿಯ ಮೂರು ನಾಣ್ಯಗಳಿದ್ದವು. ಬಹಮನಿ ಸುಲ್ತಾನರ ಕಾಲದವು ಎಂದರು. ಮೊದಲು ದಿಲ್ಲಿಯವರಿಗೆ ದಖ್ಖನ್ ಎಂದರೆ ದೂರದ ಗಡಿಪ್ರಾಂತ. ಅಲ್ಲಿದ್ದ ಅಧಿಕಾರಿಗಳು ತಿರುಗಿಬಿದ್ದು ತಮ್ಮದೇ ರಾಜ್ಯ ಕಟ್ಟಿ, ತಮ್ಮದೇ ನಾಣ್ಯ ಹೊಡೆದರು. ಈ ಮೂರು ಬಂದದ್ದು ಆ ರಾಜ್ಯಕ್ಕೂ ಗಡಿಯಾಗಿದ್ದ ಸೀಮೆಯಲ್ಲಿ, ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ನಾಡಿನಲ್ಲಿ. ಉತ್ತರದವರ ಬೆಳ್ಳಿ, ದಕ್ಷಿಣದವರ ಚಿನ್ನ ಎರಡೂ ಅಲ್ಲಿಯವರ ಸೊಂಟದ ಗಂಟಿನಲ್ಲಿ ಇರುತ್ತಿದ್ದವಂತೆ. ಇವತ್ತು ಯಾರ ಸೈನ್ಯ ಬಂದಿದೆ ಎಂಬುದರ ಮೇಲೆ ಯಾವುದನ್ನು ಹೊರತೆಗೆಯಬೇಕು ಎಂಬುದು ತೀರ್ಮಾನವಾಗುತ್ತಿತ್ತು.

"ಆಗ ಮೆಷಿನ್ ಇರ್ಲಿಲ್ಲ. ಬೆಳ್ಳಿ ಬಿಲ್ಲೆ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತಿಗೆಯಿಂದ ಒಂದು ಏಟು. ಕಾಲೇಜಲ್ಲಿ ಒಂದು ಪ್ರದರ್ಶನ ಮಾಡೋರಿದೀವಿ. ಬಂದವರೆಲ್ಲ ತಾವೇ ಒಂದು ನಾಣ್ಯ ಹೊಡ್ಕೊಂಡು ಹೋಗ್ಬೇಕು ಅಂತ ನನ್ನಾಸೆ. ಬೆಳ್ಳಿ ಬೇಡ, ತವರದ್ದಾದ್ರೂ ಸಾಕು."

ಅದೇನು ಮಹಾ ಎಂದುಕೊಂಡೆ. ಆ ವಾರವೇ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಅಕ್ಷರಗಳ ಅಂಚು ತಿದ್ದಿ, ಸುತ್ತ ಒಂದು ವೃತ್ತ ಎಳೆದು, ಮೆಷಿನ್ನಿನಲ್ಲಿ ಅಚ್ಚು ಕೊರೆದೆ. ಪ್ರೆಸ್ಸಿನಲ್ಲಿಟ್ಟು ತಿರುಗಿಸಿದರೆ ಥಳಥಳ ಹೊಳೆಯುವ ನಾಣ್ಯ ಬಂತು. ನಡುಬಿಂದು ನಟ್ಟನಡುವೆ, ಅಂಚು ಎಲ್ಲ ಕಡೆ ಸಮ. ಹೆಮ್ಮೆಯಿಂದ ಮೇಡಂಗೆ ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, ಬೇಜಾರು ಮಾಡಬಾರದು ಎಂಬ ದನಿಯಲ್ಲಿ, "ತುಂಬಾ ಚೆನ್ನಾಗಿದೆ. ಆದ್ರೆ ಅಕ್ಷಯ ತೃತೀಯಕ್ಕೆ ಒಡವೆ ಅಂಗಡಿಯವರು ಫ್ರೀ ಕೊಡೋ ಥರ ಇದೆ," ಎಂದರು.

ನನಗೆ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ನನ್ನ ಕೆಲಸ ಕರಾರುವಾಕ್ಕಾಗಿದೆ ಎಂದು ಯಾರೂ ದೂರಿರಲಿಲ್ಲ. "ಹಾಗಾದ್ರೆ ಅಸಲಿ ತೋರಿಸಿ," ಎಂದೆ.

ಅಸಲಿ ಇದ್ದದ್ದು ಮಾರತ್ತಹಳ್ಳಿಯ ಅಪಾರ್ಟ್‌ಮೆಂಟಿನ ಒಂದು ದೇವರ ಗೂಡಿನಲ್ಲಿ. ರಾಯಚೂರು ಕಡೆಯ ಲಿಂಗಾಯತರ ಮನೆ. ಮಗ ಸೊಸೆ ಇಬ್ಬರೂ ರಿಂಗ್ ರಸ್ತೆಯ ಕಂಪನಿಗಳಲ್ಲಿ ಕೆಲಸದವರು. ನಾಣ್ಯಗಳು ಮಾತ್ರ ಅಜ್ಜಿಯವು. ಸೊಸೆಯೂ ಇತಿಹಾಸದ ಮೇಡಮ್ಮೂ ಒಂದೇ ಹಾಸ್ಟೆಲಿನಲ್ಲಿ ಓದಿದ ಗೆಳತಿಯರಾದ್ದರಿಂದ ನಮಗೆ ಒಳಗೆ ಪ್ರವೇಶ ಸಿಕ್ಕಿತು. ಅಜ್ಜಿ ಸಣ್ಣ ಹೆಂಗಸು, ಹಣೆಯ ತುಂಬ ವಿಭೂತಿ. ಬೆಳ್ಳಿ ತಟ್ಟೆಯಲ್ಲಿ ಮೂರನ್ನೂ ತಂದು ನನ್ನ ಮುಂದಿಟ್ಟರು.

"ನಮ್ಮವ್ವನ ಕೊರಳಾಗಿದ್ವು. ಆಕಿಗಿ ಅವರವ್ವ ಕೊಟ್ಟಿದ್ಲಂತ. ನೋಡವ್ವ, ಕೈಯಾಗ ತಗೊ. ಮನಿ ಬಿಟ್ಟು ಹೊರಗ ಮಾತ್ರ ಕೊಡಂಗಿಲ್ಲ."

ಕೈಗೆ ತೆಗೆದುಕೊಂಡ ಮೇಲೆ ನನ್ನ ಸಿಟ್ಟು ಇಳಿಯಿತು. ಮೂರರಲ್ಲಿ ಒಂದೂ ದುಂಡಗಿರಲಿಲ್ಲ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಬರಹದ ಒಂದು ಪಾಲು ಅಂಚಿನಾಚೆ ಗಾಳಿಯಲ್ಲೇ ಉಳಿದುಹೋಗಿತ್ತು. ಒಂದರಲ್ಲಿ ಏಟು ಓರೆಯಾಗಿ ಬಿದ್ದು ಒಂದು ಬದಿ ಆಳ, ಇನ್ನೊಂದು ಬದಿ ಬೋಳು. ಇನ್ನೊಂದಕ್ಕೆ ಸರಕ್ಕೆ ಪೋಣಿಸಲು ಬೆಸುಗೆ ಹಾಕಿದ್ದ ಕೊಂಡಿಯ ಗುರುತು. ಅಕ್ಷರಗಳ ಸಂದಿಯೆಲ್ಲ ವಿಭೂತಿ ತುಂಬಿ ಬೆಳ್ಳಗಾಗಿ ಬರಹ ಎದ್ದು ಕಾಣುತ್ತಿತ್ತು. ಇಷ್ಟು ತಪ್ಪಿದ್ದರೆ ನಮ್ಮ ಇನ್‌ಸ್ಪೆಕ್ಷನ್ನಿನಲ್ಲಿ ಕೆಂಪು ಡಬ್ಬಿಗೆ ಹಾಕುತ್ತಾರೆ. ಆದರೆ ಒಂದೊಂದರಲ್ಲೂ ಒಬ್ಬ ಮನುಷ್ಯನ ತೋಳು ಮೇಲೆದ್ದು ಕೆಳಗಿಳಿದದ್ದು ಕಾಣುತ್ತಿತ್ತು. ನನ್ನ ನಾಣ್ಯದಲ್ಲಿ ಯಾರೂ ಇರಲಿಲ್ಲ.

"ಇದರ ಮೇಲೆ ಸುಲ್ತಾನನ ಬಿರುದು ಬರೆದಿದೆ ಅಜ್ಜಿ," ಎಂದರು ಮೇಡಂ. "ದೇವರ ನೆರವು ಪಡೆದವನು ಅಂತ."

"ಬರ್ಕೊಳ್ಳಲಿ ತಗೊ," ಎಂದರು ಅಜ್ಜಿ. "ಬೆಳ್ಳಿ ನಂದು."

ಇದನ್ನು ಕೈಯಿಂದಲೇ ಕೆತ್ತಬೇಕು ಎಂಬುದು ನನಗೆ ಅಲ್ಲೇ ಖಚಿತವಾಯಿತು. ಆದರೆ ಪೀಣ್ಯದಲ್ಲಿ ಉಕ್ಕಿನ ಮೇಲೆ ಕೈಯಿಂದ ಕೆತ್ತುವವರು ಈಗ ಎಲ್ಲಿದ್ದಾರೆ? ಎಲ್ಲರೂ ಲೇಸರಿಗೆ ಬದಲಾಗಿದ್ದಾರೆ. ನಾನು ಕಾರ್ಖಾನೆಗೆ ಹೊಸದಾಗಿ ಸೇರಿದಾಗ ಅಚ್ಚುಗಳ ಮೇಲೆ ನಂಬರು, ಅಕ್ಷರ, ಮುದ್ರೆ ಕೆತ್ತಲು ಒಬ್ಬರು ಬರುತ್ತಿದ್ದರು. ಬೀದರಿನವರು, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸದ ಮನೆತನ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರು ಎಲ್ಲಿ ಎಂದು ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನು ಮಾಡಿದೆ. ಕೊನೆಗೆ ಒಬ್ಬರು, "ಅಯ್ಯೋ, ಅವ್ರು ಈಗ ಮಾರತ್ತಹಳ್ಳಿ ಹತ್ರ ಪಾರ್ಕಿಂಗ್ ಗೇಟಲ್ಲಿ ಸೆಕ್ಯೂರಿಟಿ ಕಣ್ರೀ," ಎಂದರು.

ಹುಡುಕಿಕೊಂಡು ಹೋದಾಗ ಅವರು ನೀಲಿ ಅಂಗಿ ತೊಟ್ಟು, ಬಾಯಲ್ಲಿ ಸೀಟಿ ಇಟ್ಟುಕೊಂಡು ಒಂದು ಕಾರನ್ನು ಹಿಂದಕ್ಕೆ ಬಿಡಿಸುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಸೀಟಿ ತೆಗೆದು, "ಡಿಸೈನ್ ಮೇಡಂ ಅಲ್ಲೇನ್ರಿ!" ಎಂದರು. ಊಟದ ಬಿಡುವಿನಲ್ಲಿ ಇಬ್ಬರೂ ಪಕ್ಕದ ಟೀ ಅಂಗಡಿಯಲ್ಲಿ ನಿಂತೆವು. ಫೋನಿನಲ್ಲಿ ನಾಣ್ಯ ತೋರಿಸಿದೆ. ಅವರ ಮುಖ ಅರಳಿತು, ಮತ್ತೆ ತಕ್ಷಣ ಮುಚ್ಚಿಕೊಂಡಿತು. ಎಡಗೈಯನ್ನು ಮೇಜಿನ ಮೇಲಿಟ್ಟರು. ತೋರುಬೆರಳು, ನಡುಬೆರಳು ಎರಡರ ತುದಿಯೂ ಇರಲಿಲ್ಲ.

"ಲೇಸರ್ ಬಂದ ಮ್ಯಾಲ ಕೆತ್ತೋ ಕೆಲಸ ಹೋಯ್ತು. ಒಂದು ಪ್ರೆಸ್ ಶಾಪಿನಾಗ ಸೇರ್ಕೊಂಡೆ. ಒಂದಿನ ಕೈ ಒಳಗಿತ್ತು, ಪ್ರೆಸ್ ಕೆಳಗ ಬಂತು. ಈಗ ಚಾಣ ಹಿಡೀಲಾಕ ಆಗಲ್ರಿ. ತೆಳ್ಳಗಿರ್ತದಲ್ಲ, ತಿರುಗಿ ಹೋಗ್ತದ."

ನಾನು ಟೀ ಲೋಟವನ್ನು ನೋಡುತ್ತ ನಿಂತೆ. ಅವರೇ ನನ್ನನ್ನು ಸಮಾಧಾನ ಮಾಡುವವರಂತೆ, "ಸೀಟಿ ಊದಲಾಕ ಬೆರಳು ಬ್ಯಾಡ ಬಿಡ್ರಿ," ಎಂದು ನಕ್ಕರು.

ಬಸ್ಸಿನಲ್ಲಿ ವಾಪಸು ಬರುವಾಗ, ಮಾರತ್ತಹಳ್ಳಿಯ ಸೇತುವೆಯ ಮೇಲೆ ವಾಹನಗಳು ಅಲುಗದೆ ನಿಂತಿದ್ದಾಗ, ಫೋನಿನ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತ ಕೂತಿದ್ದೆ. ಆ ಅರಬ್ಬಿ ಅಕ್ಷರ ಓದಲು ನನಗೆ ಬರುವುದಿಲ್ಲ. ಹಾಗಾಗಿ ಬರೀ ಆಕಾರಗಳು ಕಂಡವು. ಒಂದು ಚುಕ್ಕೆ. ಒಂದು ಗಿಡ್ಡ ಗೀಟು, ಒಂದು ಉದ್ದ ಗೀಟು. ಒಂದು ಅರ್ಧಚಂದ್ರ. ಒಂದು ಹಲ್ಲಿನಂಥ ಮೊನೆ. ಎಲ್ಲ ಬರಹವೂ ಇಷ್ಟರಲ್ಲೇ ಮುಗಿಯುತ್ತಿತ್ತು. ಚಾಣದಿಂದ ಕೆತ್ತಿ ತೆಗೆಯುವ ಬದಲು, ತುದಿಯಲ್ಲಿ ಈ ಆಕಾರಗಳಿರುವ ಉಕ್ಕಿನ ಮೊಳೆಗಳನ್ನು, ಅಂದರೆ ಪಂಚುಗಳನ್ನು ಮಾಡಿ, ಮೆತ್ತನೆಯ ಉಕ್ಕಿನ ಮೇಲೆ ಒಂದರ ಪಕ್ಕ ಒಂದನ್ನು ಬಡಿದು ಕೂರಿಸಿದರೆ? ಪಂಚು ಚಾಣದಷ್ಟು ತೆಳ್ಳಗಿರಬೇಕಿಲ್ಲ. ಎಷ್ಟು ದಪ್ಪ ಬೇಕಾದರೂ ಮಾಡಬಹುದು. ಹಿಂದಿನವರು ಹೀಗೇ ಮಾಡುತ್ತಿದ್ದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ನಮ್ಮ ಕೆಲಸ ಆದರೆ ಸಾಕಿತ್ತು.

ಪಂಚುಗಳನ್ನು ಮಾಡಿ, ಉಸ್ತಾದರ ಉಳಿದ ಬೆರಳುಗಳಿಗೆ ಸಿಗುವಂತೆ ಹಿಡಿಯ ಜಾಗದಲ್ಲಿ ಸೈಕಲ್ ಟ್ಯೂಬು ಸುತ್ತಿ ತೆಗೆದುಕೊಂಡು ಹೋದೆ. ಅವರು ಒಂದನ್ನು ಎಡ ಮುಷ್ಟಿಯಲ್ಲಿ ಹಿಡಿದರು. ಅತ್ತಿತ್ತ ತಿರುಗಿಸಿದರು. ಟೀ ಅಂಗಡಿಯ ಬೆಂಚಿನ ಮೂಲೆಗೆ ಒತ್ತಿ ನೋಡಿದರು.

"ತಿರುಗಂಗಿಲ್ಲ," ಎಂದರು. ಪಂಚನ್ನು ಅಂಗಿಯ ಜೇಬಿಗೆ ಇಳಿಸಿದರು. "ರವಿವಾರ ನನಗ ರಜಾ ಅದ."

ಹೀಗೆ ಭಾನುವಾರಗಳು ಶುರುವಾದವು. ಉಸ್ತಾದ್ ಬೆಳಿಗ್ಗೆಯ ಮೆಟ್ರೋದಲ್ಲಿ ಬರುತ್ತಿದ್ದರು. ಶೆಡ್ಡಿನ ಕಿಟಕಿಯ ಪಕ್ಕ ಅವರಿಗೊಂದು ಬೆಂಚು ಹಾಕಿದೆ. ನಾನು ಚಿತ್ರ ಮುದ್ರಿಸಿ ಕೊಟ್ಟೆ, ಅವರು ಎರಡು ಭಾನುವಾರ ಕೂತು ಮೊದಲ ಅಚ್ಚು ಮುಗಿಸಿದರು. ತವರದ ಬಿಲ್ಲೆಯ ಮೇಲಿಟ್ಟು ಒತ್ತಿ ತೆಗೆದಾಗ ನನಗೆ ಏನೂ ತಪ್ಪು ಕಾಣಲಿಲ್ಲ. ಉಸ್ತಾದ್ ಅದನ್ನು ಬೆಳಕಿಗೆ ಹಿಡಿದು ತುಟಿ ಕಚ್ಚಿದರು.

"ಉಲ್ಟಾ ಬಂದದ ಮೇಡಂ."

ಅಚ್ಚು ಯಾವತ್ತೂ ಕನ್ನಡಿಯ ಬಿಂಬದಂತೆ ಉಲ್ಟಾ ಇರಬೇಕು, ಆಗ ನಾಣ್ಯ ಸರಿ ಬರುತ್ತದೆ. ಅದು ನನಗೆ ಗೊತ್ತಿತ್ತು, ಹಾಗಾಗಿ ಚಿತ್ರವನ್ನು ಮೊದಲೇ ಉಲ್ಟಾ ಮಾಡಿ ಮುದ್ರಿಸಿದ್ದೆ. ಅದು ಉಸ್ತಾದರಿಗೂ ಗೊತ್ತಿತ್ತು. ಚಿತ್ರವನ್ನು ಸರಿಯಾಗಿ ನೋಡದೆ ಹಳೆಯ ಅಭ್ಯಾಸದಂತೆ ಅವರೂ ಉಲ್ಟಾ ಮಾಡಿ ಕೆತ್ತಿದ್ದರು. ಇಬ್ಬರು ಬುದ್ಧಿವಂತರು ಸೇರಿ ಸುಲ್ತಾನನನ್ನು ಬೆನ್ನು ತಿರುಗಿಸಿ ನಿಲ್ಲಿಸಿದ್ದೆವು. ನಾವು ನಕ್ಕ ಸದ್ದಿಗೆ ಪಕ್ಕದ ಶೆಡ್ಡಿನವರು ಬಂದು ಇಣುಕಿದರು.

"ಫೋಟೊ ನೋಡಿ ಆಗಂಗಿಲ್ರಿ," ಎಂದರು ಉಸ್ತಾದ್. "ಅಸಲಿ ನನ್ನ ಕಣ್ಣಿಲೆ ನೋಡ್ಬೇಕು."

ಮುಂದಿನ ಭಾನುವಾರ ಇತಿಹಾಸದ ಮೇಡಮ್ಮನ್ನೂ ಕರೆದುಕೊಂಡು ಅಜ್ಜಿಯ ಮನೆಗೆ ಹೋದೆವು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವರು ಉಸ್ತಾದರನ್ನು ಗುರುತಿಸಿ, "ಏನಣ್ಣ, ಡ್ಯೂಟಿ ಇಲ್ಲಿಗ್ ಹಾಕಿದ್ರಾ?" ಎಂದರು. "ಇಲ್ಲಪ, ಮೆಹಮಾನ್ ಆಗಿ ಬಂದೀನಿ," ಎಂದು ಇವರು ಕಾಲರು ಸರಿಮಾಡಿಕೊಂಡರು. ಒಳಗೆ ಅಜ್ಜಿಗೂ ಅವರಿಗೂ ಮಾತು ಹತ್ತಿದ್ದು ನಾಣ್ಯದ ಮೇಲಲ್ಲ. ಬೀದರಿನ ಬಿಸಿಲು ಹೆಚ್ಚೋ ರಾಯಚೂರಿನದೋ ಎಂಬುದರ ಮೇಲೆ. ಇಬ್ಬರೂ ಸೋಲಲಿಲ್ಲ.

ನಾಣ್ಯಗಳನ್ನು ಕಿಟಕಿಯ ಬೆಳಕಿನಲ್ಲಿ ಹಿಡಿದು ಉಸ್ತಾದ್ ಒಂದು ಪದ ಓದಿದರು, ಮೇಡಂ ಒಂದು ಪದ ಓದಿದರು. ಒಂದು ಕಡೆ ಇಬ್ಬರಿಗೂ ಬಗೆಹರಿಯದೆ ತಲೆ ಕೆರೆದುಕೊಂಡರು. ನಾಣ್ಯ ಹೊಡೆದ ಟಂಕಸಾಲೆಯ ಹೆಸರು ಇರಬೇಕಾದ ಜಾಗದಲ್ಲಿ ಬೆಳ್ಳಿಯೇ ಇರಲಿಲ್ಲ.

"ಇದರದೊಂದು ಅಚ್ಚು ತಗೊಂಡು ಹೋದ್ರೆ ಎಲ್ಲಾ ಸುಲಭ ಆಗ್ತಿತ್ತು," ಎಂದೆ ನಾನು. ಸ್ಕ್ಯಾನ್ ಮಾಡಿಸಲು ಹೊರಗೆ ಕೊಡುವುದಿಲ್ಲವೆಂದು ಅಜ್ಜಿ ಮೊದಲೇ ಹೇಳಿದ್ದರು. "ಮೇಣ ಗೀಣ ಇದ್ರೆ ಒತ್ತಬಹುದಿತ್ತು."

ಅಜ್ಜಿ ಎದ್ದು ಅಡುಗೆಮನೆಗೆ ಹೋದರು. ಚಪಾತಿಗೆ ಕಲಸಿಟ್ಟಿದ್ದ ಕಣಕವನ್ನು ಒಂದು ಮುಷ್ಟಿ ತಂದರು. "ಇದು ಆಗಂಗಿಲ್ಲೇನು?"

ಹಿಟ್ಟು ಅಂಟಿಕೊಳ್ಳುತ್ತದೆ ಎಂದು ಸೊಸೆ ಅನುಮಾನ ಪಟ್ಟರು. ಅಜ್ಜಿ ಗೂಡಿನಿಂದ ವಿಭೂತಿ ತೆಗೆದು ನಾಣ್ಯದ ಎರಡೂ ಮುಖಕ್ಕೆ ಸವರಿ, ಕಣಕದ ಉಂಡೆಗೆ ಹೆಬ್ಬೆರಳಿನಿಂದ ಒತ್ತಿ, ಅಂಚು ಹಿಡಿದು ಎಬ್ಬಿಸಿದರು. ನಾವೆಲ್ಲ ತಲೆ ತಗ್ಗಿಸಿ ನೋಡಿದೆವು. ಹಿಟ್ಟಿನಲ್ಲಿ ಬರಹವೆಲ್ಲ ಉಲ್ಟಾ ಆಗಿ, ಗುಳಿಯಾಗಿ ಇಳಿದಿತ್ತು. ಐನೂರು ವರ್ಷಕ್ಕೂ ಹಿಂದೆ ಯಾವನೋ ಉಕ್ಕಿನಲ್ಲೋ ಕಂಚಿನಲ್ಲೋ ಕೆತ್ತಿದ ಅಚ್ಚು ಹೇಗಿದ್ದಿರಬೇಕೋ ಹಾಗೇ ಇತ್ತು. ಉಸ್ತಾದ್ ಅದರ ಮೇಲೆ ಬಾಗಿದವರು ಏಳಲೇ ಇಲ್ಲ.

"ನೋಡ್ರಿ ಮೇಡಂ. ಈ ಅಕ್ಷರದಾಗ ಅಂವ ಜಾರಿದಾನ. ಮತ್ತ ತಿದ್ದಲಾಕ ನೋಡಿದಾನ." ಕಣ್ಣೆತ್ತದೆ, "ಜಾರಿದ್ರೂ ನಾಣ್ಯ ನಡೀತು," ಎಂದರು. ಅದನ್ನು ಅವರು ಯಾರಿಗೂ ಹೇಳಿದಂತಿರಲಿಲ್ಲ.

ಎಲ್ಲ ಮುಖಗಳ ಅಚ್ಚನ್ನೂ ಹೀಗೆ ಒತ್ತಿ ಒಂದು ಟಿಫಿನ್ ಡಬ್ಬಿಯಲ್ಲಿಟ್ಟು ಹೊರಟೆವು. ಮೆಟ್ರೋದ ಸ್ಕ್ಯಾನರಿನಲ್ಲಿ ಸಿಬ್ಬಂದಿ ಡಬ್ಬಿ ತೆಗೆಸಿ ನೋಡಿ, "ಇದೇನಕ್ಕ?" ಎಂದು ಕೇಳಿದರು. "ಚಪಾತಿ ಹಿಟ್ಟು," ಎಂದೆ. ಸುಳ್ಳಂತೂ ಅಲ್ಲ. ಪೀಣ್ಯ ತಲುಪುವ ಹೊತ್ತಿಗೆ ಹಿಟ್ಟು ಒಣಗಿ ಬಿರುಕು ಬಿಡಲು ಶುರುವಾಗಿತ್ತು, ಆದರೆ ಉಸ್ತಾದರಿಗೆ ಅದು ಆಗಲೇ ಮನಸ್ಸಿಗಿಳಿದಿತ್ತು. ಮುಂದಿನ ವಾರಗಳಲ್ಲಿ ಅವರು ಬೆಂಚಿನ ಮುಂದೆ ಕೂತು ಬಡಿಯುವುದನ್ನು ನಾನು ನನ್ನ ಕೆಲಸದ ನಡುವೆ ಕದ್ದು ನೋಡುತ್ತಿದ್ದೆ. ಮೊದಮೊದಲು ಎಡಗೈಯನ್ನು ಮಡಿಲಲ್ಲಿ ಬಚ್ಚಿಡುವುದು ಅವರ ಅಭ್ಯಾಸವಾಗಿತ್ತು. ಎರಡನೇ ಅಚ್ಚಿನ ಹೊತ್ತಿಗೆ ಅದು ಬೆಂಚಿನ ಮೇಲೇ ಇರುತ್ತಿತ್ತು.

ಅಚ್ಚುಗಳನ್ನು ಕಾಯಿಸಿ ತಣಿಸಿ, ಇನ್ನು ತಿದ್ದಲಾಗದಷ್ಟು ಗಟ್ಟಿಯಾಗುವಂತೆ ಹದ ಹಾಕಿದ್ದಾಯಿತು. ಕೆಳಗಿನ ಅಚ್ಚನ್ನು ಒಂದು ಮರದ ಕೊರಡಿಗೆ ಹುದುಗಿಸಿದೆವು. ಮೇಲಿನದು ಗೇಣುದ್ದದ ದಪ್ಪ ಸರಳಿನ ತುದಿಯಲ್ಲಿತ್ತು. ತವರಕ್ಕೆ ಮುಂಚೆ ಒಮ್ಮೆ ಬೆಳ್ಳಿಯಲ್ಲೇ ಹೊಡೆದು ನೋಡಬೇಕೆಂದು ನನಗೂ ಆಸೆ, ಅವರಿಗೂ ಆಸೆ. ಕೊಂಡಿ ಮುರಿದು ಪೆಟ್ಟಿಗೆಯಲ್ಲಿ ಬಿದ್ದಿದ್ದ ನನ್ನ ಕಾಲ್ಗೆಜ್ಜೆಯನ್ನು ಚಿಕ್ಕಬಾಣಾವರದ ಅಕ್ಕಸಾಲಿಗರ ಬಳಿ ಕರಗಿಸಿ ಕೆಲವು ಬಿಲ್ಲೆ ಮಾಡಿಸಿ ತಂದೆ.

ಆಗ ಬಂತು ಕಷ್ಟ. ಬಿಲ್ಲೆಯ ಮೇಲೆ ಸರಳನ್ನು ನೆಟ್ಟಗೆ ಹಿಡಿಯಲು ಒಬ್ಬರು ಬೇಕು, ಹೊಡೆಯಲು ಒಬ್ಬರು ಬೇಕು. ಉಸ್ತಾದ್ ಹಿಡಿಯಲು ಕೂತರು. ನಾನು ಸುತ್ತಿಗೆ ಎತ್ತಿದೆ. ಅವರ ಕೈ ಕಣ್ಣಿಗೆ ಬಿತ್ತು. ಹೊಡೆಯದೆ ಸುತ್ತಿಗೆ ಕೆಳಗಿಟ್ಟೆ.

ಪ್ರೆಸ್ಸಿನ ಅಚ್ಚು ಮಾಡುವವರಿಗೆ ಕಲಿಸುವ ಮೊದಲ ಪಾಠವೇ ಕೆಲಸದವರ ಕೈ ಎಲ್ಲಿರುತ್ತದೆ ಎಂಬುದು. ಇಷ್ಟು ವರ್ಷ ನಾನು ಅಚ್ಚು ಬರೆಯುವಾಗಲೆಲ್ಲ ಮೊದಲು ಆ ಕೈಯನ್ನು ದೂರ ಇಡುವ ದಾರಿ ಹುಡುಕಿದ್ದೇನೆ. ಈಗ ಒಮ್ಮೆ ಹೋದ ಕೈಯನ್ನೇ ನನ್ನ ಸುತ್ತಿಗೆಯ ಕೆಳಗೆ ಇಟ್ಟು ಹೊಡಿ ಎಂದರೆ ಹೇಗೆ?

"ಇಕ್ಕಳದಲ್ಲಿ ಹಿಡೀರಿ," ಎಂದೆ. ಇಕ್ಕಳದಲ್ಲಿ ಹಿಡಿದರು. ಸರಳು ಅಲುಗಿತು, ಏಟು ಓರೆಯಾಯಿತು, ಬಿಲ್ಲೆ ಹಾರಿ ಮೆಷಿನ್ನಿನ ಕೆಳಗೆ ಹೋಯಿತು. ಮತ್ತೊಮ್ಮೆ ಹೊಡೆದರೆ ಅಕ್ಷರದ ಮೇಲೆ ಅಕ್ಷರ ಬಿತ್ತು.

"ಕೈಲೇ ಹಿಡೀತೀನಿ," ಎಂದರು ಉಸ್ತಾದ್.

"ನಂಗೆ ಹೊಡೆಯೋಕಾಗಲ್ಲ."

"ಹೊಡೀಬ್ಯಾಡ್ರಿ ಇವತ್ತು. ಏನರೆ ಉಪಾಯ ಮಾಡ್ರಿ. ನೀವು ಅಂಜಿದ್ರ ನನಗೂ ಅಂಜಿಕಿ ಬರ್ತದ."

ಅವತ್ತು ಮನೆಗೆ ಹೋಗದೆ ಸಂಜೆಯವರೆಗೆ ಅಲ್ಲೇ ಕೂತು ಯೋಚಿಸಿದೆ. ಉಪಾಯವೇನೂ ದೊಡ್ಡದಲ್ಲ. ಕತ್ತಿಯ ಹಿಡಿಯ ಮೇಲೆ ಅಡ್ಡಪಟ್ಟಿ ಇರುತ್ತದಲ್ಲ, ಹಾಗೆ ಸರಳಿನ ಮೇಲ್ಭಾಗಕ್ಕೆ ಊಟದ ತಟ್ಟೆಯಷ್ಟು ಅಗಲದ ದಪ್ಪ ತಗಡನ್ನು ಬೆಸುಗೆ ಹಾಕಿ, ಮೇಲೆ ರಬ್ಬರು ಹೊದಿಸಿದೆ. ಸುತ್ತಿಗೆ ಎಷ್ಟೇ ಜಾರಿದರೂ ಕೈ ತಟ್ಟೆಯ ಅಡಿಯಲ್ಲಿರುತ್ತದೆ. ಜತೆಗೆ ಪ್ರದರ್ಶನಕ್ಕೆಂದು, ಸರಳು ತಾನೇ ನೆಟ್ಟಗೆ ನಿಲ್ಲುವಂಥ ಒಂದು ಕೊಳವೆಯನ್ನೂ ಮಾಡಿದೆ. ಬರುವ ಜನರು ಯಾರ ಕೈಯನ್ನೂ ನಂಬುವ ಅಗತ್ಯವಿಲ್ಲ.

ಉಸ್ತಾದ್ ಕೊಳವೆಯನ್ನು ಮೆಚ್ಚಿಕೊಂಡರು. ಆದರೆ ಮೊದಲ ಬೆಳ್ಳಿಗೆ ಅದು ಬೇಡ ಎಂದರು. ಸರಳನ್ನು ಎಡಗೈಯಲ್ಲೇ ಹಿಡಿದರು. ನಾನು ಆ ರಬ್ಬರಿನ ಮೇಲೆ ಬೇಕೆಂದೇ ಎರಡು ಸಲ ಜೋರಾಗಿ ಹೊಡೆದು ನೋಡಿದೆ. ಅವರು ಕದಲಲಿಲ್ಲ. ಬಿಲ್ಲೆಯನ್ನು ಕೆಂಪಗೆ ಕಾಯಿಸಿ ನೀರಿಗದ್ದಿ ಮೆತ್ತಗೆ ಮಾಡಿಟ್ಟಿದ್ದೆವು. ಅದನ್ನು ಅಚ್ಚಿನ ಮೇಲಿಟ್ಟರು.

"ಬಿಸ್ಮಿಲ್ಲಾ," ಎಂದರು ಮೆಲ್ಲಗೆ. ನನ್ನ ಕಡೆ ನೋಡಿ, "ನೀವೂ ಏನರೆ ಅನ್ರಿ."

"ಹಿಡ್ಕೊಳ್ಳಿ," ಎಂದೆ, ಹೊಡೆದೆ.

ಏಟಿನ ಸದ್ದೇ ಬೇರೆಯಾಗಿತ್ತು. ಉಕ್ಕು ಉಕ್ಕಿಗೆ ಬಡಿದ ಠಣ್ ಅಲ್ಲ. ನಡುವೆ ಏನೋ ಒಪ್ಪಿಕೊಂಡಂತೆ ಒಂದು ದಪ್ಪ ಸದ್ದು. ಉಸ್ತಾದ್ ಸರಳನ್ನು ಎತ್ತಿ ನಾಣ್ಯವನ್ನು ಬಿಡಿಸಿದರು. ಬರಹ ಒಂದು ಪಕ್ಕಕ್ಕೆ ಸರಿದಿತ್ತು. ಅಂಚು ಒಂದು ಕಡೆ ಸೀಳಿತ್ತು. ಉಳಿದಂತೆ ಅಕ್ಷರಗಳು ಹೊಸ ಬೆಳ್ಳಿಯಲ್ಲಿ ಒಂದರ ಹಿಂದೊಂದು ಎದ್ದು ನಿಂತಿದ್ದವು. ಅವರು ಅದನ್ನು ಎಡಗೈಯ ಮೊಂಡು ಬೆರಳುಗಳಿಂದ ಸವರಿ, ಸವರಿ, ನನ್ನ ಅಂಗೈಗೆ ಹಾಕಿದರು. ಇನ್ನೂ ಬೆಚ್ಚಗಿತ್ತು. ಏಟಿಗೆ ಬೆಳ್ಳಿ ಬಿಸಿಯಾಗುತ್ತದೆ ಎಂಬುದು ನಾನು ಪುಸ್ತಕದಲ್ಲಿ ಓದಿದ ವಿಷಯ. ಆದರೂ ಅದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ.

ಪ್ರದರ್ಶನ ಕಾಲೇಜಿನ ಅಂಗಳದಲ್ಲಿ, ಶಾಮಿಯಾನದ ಕೆಳಗೆ ನಡೆಯಿತು. ಉಸ್ತಾದ್ ರಜೆ ಹಾಕಿ, ಬಿಳಿ ಜುಬ್ಬಾ ತೊಟ್ಟು ಬಂದರು. ಐಟಿ ಕಂಪನಿಗಳವರು, ಮಕ್ಕಳನ್ನು ಕರೆತಂದ ತಾಯಂದಿರು, ಕಾಲೇಜಿನ ಕ್ಯಾಂಟೀನಿನವರು, ಪಕ್ಕದಲ್ಲಿ ಕಟ್ಟುತ್ತಿದ್ದ ಕಟ್ಟಡದ ಗಾರೆ ಕೆಲಸದವರು, ಎಲ್ಲರೂ ಸಾಲು ನಿಂತರು. "ಜಿಮ್ಮಿಗೆ ದುಡ್ಡು ಕೊಡೋದು ವೇಸ್ಟು ಮಚ್ಚಾ," ಎಂದು ಕೂಗಿದವನ ಏಟು ಜಾರಿ ನಾಣ್ಯದ ಅರ್ಧವೇ ಮೂಡಿತು. ಅವನ ಹಿಂದಿದ್ದ ಯಾದಗಿರಿ ಕಡೆಯ ಹೆಂಗಸು, ಬೆಳಿಗ್ಗೆಯಿಂದ ಜಲ್ಲಿ ಹೊತ್ತವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೇ ಏಟಿಗೆ ಪೂರ್ತಿ ಮೂಡಿಸಿ ಚಪ್ಪಾಳೆ ಗಿಟ್ಟಿಸಿದಳು. ಇತಿಹಾಸದ ಮೇಡಂ ಗಂಟಲು ಕಟ್ಟುವವರೆಗೆ ಆ ಗಡಿಸೀಮೆಯ ಕಥೆ ಹೇಳುತ್ತಲೇ ಇದ್ದರು.

ಮಧ್ಯಾಹ್ನ ಅಜ್ಜಿ ಬಂದರು. ಅವರಿಗೆಂದು ಒಂದು ಬೆಳ್ಳಿ ಬಿಲ್ಲೆ ಉಳಿಸಿದ್ದೆವು. ಸುತ್ತಿಗೆ ಭಾರವಾಯಿತು. ಸೊಸೆ ಹಿಂದಿನಿಂದ ಕೈ ಕೊಟ್ಟರು. ಇಬ್ಬರೂ ಸೇರಿ ಹೊಡೆದರು. ಉಸ್ತಾದ್ ಬಿಡಿಸಿಕೊಟ್ಟ ನಾಣ್ಯವನ್ನು ಅಜ್ಜಿ ಕನ್ನಡಕದ ಹತ್ತಿರ ತಂದು ನೋಡಿದರು.

"ಸುಲ್ತಾನಂದು ಮೂರು, ನಂದೊಂದು," ಎಂದರು. ಆಮೇಲೆ ಉಸ್ತಾದರಿಗೆ, "ನಿನ್ನ ಹೆಸರು ಎಲ್ಲಿ ಕೆತ್ತೀಯಪ?" ಎಂದು ಕೇಳಿದರು.

"ಅಚ್ಚು ಕೆತ್ತಿದವರ ಹೆಸರು ಇರಂಗಿಲ್ಲವ್ವ, ನಾಣ್ಯದಾಗ."

"ಹಂಗಂದ್ರ ನಾನು ನೆನಪಿಟ್ಕೊಂತೀನಿ. ಹೇಳು." ಅವರು ಹೇಳಿದರು. ಅಜ್ಜಿ ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡರು. ಎರಡನೇ ಸಲ ಸರಿಯಾಗಿತ್ತು.

ಪ್ರದರ್ಶನ ಮುಗಿದ ಮೇಲೆ ಏನೂ ಆಗದೆ ಹೋಗಬಹುದಿತ್ತು. ಕೆಲವು ವಾರ ಹಾಗೇ ಆಯಿತು. ಉಸ್ತಾದ್ ಗೇಟಿಗೆ ಮರಳಿದರು, ನಾನು ಮಿಕ್ಸಿಯ ತಗಡಿಗೆ ಮರಳಿದೆ. ಭಾನುವಾರ ಕಿಟಕಿಯ ಪಕ್ಕದ ಬೆಂಚು ಖಾಲಿ ಕಂಡಾಗ ಶೆಡ್ ಯಾಕೋ ದೊಡ್ಡದೆನಿಸುತ್ತಿತ್ತು. ಆಮೇಲೆ ಒಂದು ದಿನ ಅಜ್ಜಿಯ ಸೊಸೆ ಫೋನು ಮಾಡಿದರು. ಮಗಳ ಲಿಂಗದೀಕ್ಷೆ ಇದೆ, ಕೊರಳಲ್ಲಿ ಲಿಂಗ ಧರಿಸುವ ಬೆಳ್ಳಿಯ ಕರಡಿಗೆಗೆ ಕೈಕೆಲಸದ ಬಿಲ್ವಪತ್ರೆ ಬೇಕು, ಅಂಗಡಿಯದೆಲ್ಲ ಒಂದೇ ಥರ ಇದೆ, ನಿಮ್ಮ ಉಸ್ತಾದರು ಮಾಡಿಕೊಡುತ್ತಾರಾ ಎಂದು ಅತ್ತೆ ಕೇಳುತ್ತಿದ್ದಾರೆ. ಉಸ್ತಾದ್ ಬಂದು ಎಲೆಯ ಆಕಾರದ ಪಂಚು ಬರೆದು ಕೊಟ್ಟರು, ನಾನು ಮಾಡಿಕೊಟ್ಟೆ. ಆ ಕರಡಿಗೆಯನ್ನು ದೀಕ್ಷೆಗೆ ಬಂದವರು ನೋಡಿದರು. ಅವರಲ್ಲಿ ಕೆಲವರು ಕೇಳಿಕೊಂಡು ಪೀಣ್ಯದವರೆಗೆ ಬಂದರು. ಚಿಕ್ಕಬಾಣಾವರದ ಅಕ್ಕಸಾಲಿಗರು ತಮ್ಮ ಅಚ್ಚುಗಳನ್ನು ತಿದ್ದಿಸಲು ತರತೊಡಗಿದರು.

ಈಗ ಉಸ್ತಾದ್ ವಾರಪೂರ್ತಿ ಶೆಡ್ಡಿನಲ್ಲೇ ಇದ್ದಾರೆ. ನೀಲಿ ಅಂಗಿಯನ್ನು ಸೆಕ್ಯೂರಿಟಿ ಏಜೆನ್ಸಿಗೆ ವಾಪಸು ಕೊಟ್ಟಾಯಿತು. ಎಲ್ಲ ವಾರವೂ ಕೆಲಸ ಇರುತ್ತದೆಂದು ಹೇಳಲಾರೆ. ಇಲ್ಲದ ದಿನ ಅವರು ಉಳಿಕೆ ತಗಡಿನ ಮೇಲೆ ಬೀದರಿನ ಹಳೆಯ ಬಳ್ಳಿಗಳನ್ನು ನೆನಪಿನಿಂದ ಬಡಿದು ನೋಡುತ್ತಾರೆ, ನಾನು ಅವಕ್ಕೆ ಹೊಸ ಪಂಚುಗಳನ್ನು ಯೋಚಿಸುತ್ತೇನೆ. ಮೊನ್ನೆ ಒಂದು ಕರಡಿಗೆಯ ಅಚ್ಚು ಮುಗಿಸಿ ನನ್ನ ಮೇಜಿನ ಮೇಲಿಟ್ಟರು. ಬಿಲ್ವದ ನಡುವಿನ ಎಲೆ ಒಂದಿಷ್ಟು ಎಡಕ್ಕೆ ವಾಲಿತ್ತು. ಅಳತೆಪಟ್ಟಿಗೆ ಕೈ ಹಾಕಿದೆ.

"ಇದು ಸ್ವಲ್ಪ ಸರಿಮಾಡೋಣವಾ ಉಸ್ತಾದ್?"

"ಎಲಿ ಅಲ್ಲೇನ್ರಿ ಮೇಡಂ," ಎಂದರು, ಪಂಚುಗಳನ್ನು ಒರೆಸಿ ಎತ್ತಿಡುತ್ತ. "ಗಾಳಿಗಿ ಅಲುಗಿರ್ತದ."

ಅಳತೆಪಟ್ಟಿ ಬಿಟ್ಟು, ಅಚ್ಚನ್ನು ಹದ ಹಾಕಲು ಕಳಿಸಿದೆ.